ಅಡ್ಡತಗಡು ಹಾಕಿಕೊಟ್ಟ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು, ಉಗುರಿನ ಸುತ್ತ ಗ್ರೀಸಿನ ಕಪ್ಪು. ತಗಡಿನ ಅಂಚನ್ನು ಆ ಬೆರಳಲ್ಲಿ ಒಮ್ಮೆ ಉಜ್ಜಿದರೆ ಸಾಕು, ಯಾವ ಲೋಹ, ಎಷ್ಟು ದಪ್ಪ ಎಂದು ಹೇಳಿಬಿಡುತ್ತಿದ್ದರು. ಗೌರಿಬಿದನೂರಿನಲ್ಲಿ ಲಾರಿ ಕ್ಯಾಬಿನ್ ಕಟ್ಟುತ್ತಿದ್ದ ಅಲೀಪುರದ ಮನುಷ್ಯ. ಹೈಸ್ಕೂಲಿನ ವಿಜ್ಞಾನದ ಮೇಡಂ ಆದ ನಾನು ಬಿಡಿಭಾಗಗಳ ಕಿಟ್ ತರಿಸಿ, ಮನೆಯ ಶೆಡ್ಡಿನಲ್ಲಿ ಕಾರು ಕಟ್ಟಲು ಹೊರಟಾಗ ನಗದೇ ಇದ್ದವರು ಅವರೊಬ್ಬರೇ.

ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ನಿಲ್ಲುವ ಅಡ್ಡತಗಡು ಯಾವುದಿರಬೇಕು ಎಂಬುದಕ್ಕೆ ನಮ್ಮಿಬ್ಬರಿಗೂ ಜಗಳ. ಅವರದು ಒಂದೇ ಹಠ, ಸ್ಟೇನ್‌ಲೆಸ್ ಸ್ಟೀಲ್.

"ಭಾರ ಆಗ್ತದೆ ಮೇಸ್ತ್ರಿ."

"ಆಗ್ಲಿ ಬಿಡಮ್ಮಾ. ಬೆಂಕಿ ಬಂದ್ರೆ ನೀವು ಇಳಿಯೋವರ್ಗೂ ಅದು ನಿಲ್ಬೇಕು. ಅಷ್ಟೇ ಅದರ ಕೆಲಸ."

ನಾನು ಕೇಳಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಅಂಗಡಿ ಬೋರ್ಡುಗಳ ವ್ಯಾಪಾರ ಮಾಡುವ ಭಾವ, ನಮ್ಮಕ್ಕನ ಗಂಡ, ಫಳಫಳ ಹೊಳೆಯುವ ಹಗುರವಾದ ಹಾಳೆ ಕೊಟ್ಟು, "ಪಕ್ಕಾ ಅಲ್ಯೂಮಿನಿಯಂ ಕಣಮ್ಮಾ, ಬೆಂಕಿ ಹತ್ತಲ್ಲ," ಎಂದಿದ್ದ. ಆಮೇಲೆ ನೋಡಿದರೆ ಒಳಗೆಲ್ಲ ಪ್ಲಾಸ್ಟಿಕ್, ಎರಡು ಮಗ್ಗುಲಿಗೆ ಕಾಗದದಷ್ಟು ತೆಳು ಅಲ್ಯೂಮಿನಿಯಂ. ಬೋರ್ಡಿಗೆ ಹಾಕುವ ಮಾಲು. ದಿನಾ ಅದನ್ನೇ ಮಾರುವವನಿಗೆ ಗೊತ್ತಿರಲಿಲ್ಲವೇ? ಅಂಚು ಕಾಣದಂತೆ ಪಟ್ಟಿ ಬೇರೆ ಹೊಡೆದಿದ್ದ. ಮೇಸ್ತ್ರಿ ಮುಟ್ಟಿದ್ದರೆ ತಕ್ಷಣ ಹಿಡಿಯುತ್ತಿದ್ದರು. ಅವರು ಬಾರದ ದಿನ ನೋಡಿ ನಾನೇ ಅದನ್ನು ಕೂರಿಸಿಬಿಟ್ಟೆ.

ಅಂಗಳದಲ್ಲಿ ಮೊದಲ ಸಲ ಓಡಿಸಿ ನೋಡಿದ ದಿನ ಪೆಟ್ರೋಲ್ ಪೈಪು ಸೋರಿ ಹೊತ್ತಿಕೊಂಡಿತು. ಭಾವನ ಹಾಳೆ ಕರಗಿ, ಉರಿಯುತ್ತಲೇ ನನ್ನ ಕಾಲ ಬಳಿ ತೊಟ್ಟಿಕ್ಕತೊಡಗಿತು. ಸೀಟ್ ಬೆಲ್ಟ್ ಬಿಚ್ಚಲು ನನ್ನಿಂದಾಗಲಿಲ್ಲ. ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿ ಉರಿಯುವ ಹಾಳೆಯನ್ನು ಬರಿಗೈಯಲ್ಲೇ ಕಿತ್ತೆಸೆದು, ಬೆಲ್ಟ್ ಬಿಚ್ಚಿ ನನ್ನನ್ನು ಆಚೆಗೆಳೆದರು. ನನ್ನ ಕಾಲು ಉಳಿಯಿತು. ಅವರ ಹೆಬ್ಬೆರಳು ಮರಗಟ್ಟಿಹೋಯಿತು, ಆಮೇಲೆ ಅದಕ್ಕೆ ತಗಡೂ ಒಂದೇ, ಬಟ್ಟೆಯೂ ಒಂದೇ.

ಇಷ್ಟಾದ ಮೇಲೂ ಭಾವ ನಂಟರ ಮುಂದೆಲ್ಲ, "ಹೆಂಗಸ್ರು ಕಾರು ಕಟ್ಟಿದ್ರೆ ಇನ್ನೇನಾಗತ್ತೆ?" ಎಂದು ನಕ್ಕನಂತೆ. ಅವನ ಬಾಯಿ ಸೇದಿಹೋಗ! ಆ ಹಾಳೆಯ ಚೂರನ್ನು ಅವನ ಅಂಗಡಿ ಬಾಗಿಲಲ್ಲೇ ಸುಟ್ಟು ತೋರಿಸುತ್ತೇನೆಂದು ಎದ್ದೆ. ಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಮೇಸ್ತ್ರಿ ನನ್ನ ಶೆಡ್ಡಿನ ಬಾಗಿಲಿಗೆ ಅಡ್ಡ ಕೂತರು.

"ನಾನಿರೋವರ್ಗೂ ಅವರ ಮರ್ಯಾದೆ ತೆಗೀಬೇಡಿ ಅಮ್ಮಾ. ನಿಮ್ಮಕ್ಕ ಅದೇ ಮನೇಲಿ ಬಾಳ್ಬೇಕು. ಮಾತು ಕೊಡಿ."

ಹಲ್ಲು ಕಚ್ಚಿಕೊಂಡು ಕೊಟ್ಟೆ. ಗಾಯ ಮಾಗಿದ ಮೇಲೆ ಅವರು ಎಡಗೈಯಲ್ಲೇ ಸ್ಟೀಲ್ ಕತ್ತರಿಸಿ ಕೂರಿಸಿದರು. ವೈರು ಹೋಗುವ ಒಂದೊಂದು ತೂತಿಗೂ ಬೆಂಕಿ ತಡೆಯುವ ಅಂಟು ತುಂಬಿದರು. ಅರ್ಧ ದಿನದ ಕೆಲಸಕ್ಕೆ ಹದಿನೈದು ದಿನ ಹಿಡಿಯಿತು. ಅದನ್ನು ನೋಡುತ್ತಾ ನಿಂತ ನಾನು ಸೇಡನ್ನು ಮಾತ್ರ ಬಿಡಲಿಲ್ಲ.

ಕಳೆದ ವರ್ಷ ಮೇಸ್ತ್ರಿ ತೀರಿಕೊಂಡರು. ಅಲೀಪುರದಲ್ಲಿ ಮಣ್ಣಾದರು. ಅದಾದ ತಿಂಗಳಿಗೆ ಚಿಂತಾಮಣಿಯ ಛತ್ರವೊಂದರಲ್ಲಿ ನಂಟರ ನಿಶ್ಚಿತಾರ್ಥ. ಊಟ ಮುಗಿಸಿದವರೆಲ್ಲ ನನ್ನ ಕಾರಿನ ಸುತ್ತ ಸೇರಿದ್ದರು. ಭಾವ ಬಾನೆಟ್ಟು ತಟ್ಟುತ್ತಾ, "ಇದರ ತಗಡೆಲ್ಲಾ ನಮ್ಮ ಅಂಗಡೀದೇ," ಎಂದ.

ನಾನು ಬಾನೆಟ್ಟು ಎತ್ತಿದೆ. ಆ ಸ್ಟೀಲ್ ಯಾರು ಹಾಕಿದ್ದು, ಅದಕ್ಕೂ ಮುಂಚೆ ಅಲ್ಲಿ ಏನಿತ್ತು, ಅದನ್ನು ಏನೆಂದು ಹೇಳಿ ಕೊಟ್ಟವರು ಯಾರು, ಒಂದೂ ಬಿಡದೆ ಗಟ್ಟಿಯಾಗಿ ಹೇಳಿದೆ. ಅಕ್ಕ ತಲೆ ತಗ್ಗಿಸಿದಳು. ಅದನ್ನು ಕಂಡೂ ನಿಲ್ಲಿಸಲಿಲ್ಲ.

ಭಾವ ಬೆವೆತುಹೋಗಿದ್ದ. "ಇಷ್ಟು ವರ್ಷ ಸುಮ್ನಿದ್ದೋಳು, ಇವತ್ತು ಎಲ್ಲರೆದುರಿಗೆ ಮಾನ ಕಳೀತಿದೀಯಲ್ಲೇ?"

"ಹೌದು ಭಾವ," ಎಂದೆ. "ನಿಮ್ಮ ಮಾನ ಕಾಯ್ತಿದ್ದೋರು ತೀರಿಕೊಂಡ್ರು."