ತಿರುವಿನಲ್ಲಿ ನಿಲ್ಲುತ್ತಿದ್ದ ಕಾರು

ಬೆಳಿಗ್ಗೆ ರಂಗೋಲಿ ಇಡಲು ಬಾಗಿಲಿಗೆ ನೀರು ಹಾಕುವಾಗ ಮಗಳ ಕಾರಿನ ಕೆಳಗೆ ಕೆಂಪು ಕಲೆ ಕಂಡಿತು. ಬೆರಳಲ್ಲಿ ಮುಟ್ಟಿ ಮೂಸಿದೆ. ಸ್ಟೇರಿಂಗ್ ಎಣ್ಣೆ! ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರೈವರಣ್ಣ ಕಣ್ಣ ಮುಂದೆ ಬಂದು ನಿಂತರು...

ಇಪ್ಪತ್ತು ವರ್ಷದ ಹಿಂದಿನ ಮಾತು. ಮನೆ ಚನ್ನರಾಯಪಟ್ಟಣದಲ್ಲಿ, ನಾನು ಪಾಠ ಮಾಡುತ್ತಿದ್ದ ಶಾಲೆ ಶಾಂತಿಗ್ರಾಮದ ಹತ್ತಿರ. ಯಜಮಾನರು ಸೆಕೆಂಡ್ ಹ್ಯಾಂಡ್ ಕಾರು ತಂದು, ಓಡಿಸಲು ಡ್ರೈವರಣ್ಣನನ್ನು ಗೊತ್ತುಮಾಡಿದ್ದರು. ನಾನೇ ಓಡಿಸಬೇಕೆಂಬ ಹಟ ನನಗೆ. ಡ್ರೈವರಣ್ಣನ ಹತ್ತಿರವೇ ಕಲಿಯಲು ಶುರುಮಾಡಿದೆ. ನೇರ ರಸ್ತೆಯಲ್ಲಿ ತೊಂದರೆಯಿಲ್ಲ. ನಿಧಾನ ಮಾಡಿ ಸ್ಟೇರಿಂಗ್ ತಿರುಗಿಸಿದೆನೋ, ಗಪ್ ಅಂತ ಇಂಜಿನ್ ಆಫ್! ಅವರ ಕೈಯಲ್ಲಿ ಮಾತ್ರ ಒಂದು ದಿನವೂ ನಿಲ್ಲುತ್ತಿರಲಿಲ್ಲ.

"ಕ್ಲಚ್ ಬಿಡೋದೇ ನಿನಗೆ ಬರಲ್ಲ. ಸುಮ್ನೆ ಹಿಂದೆ ಕೂತ್ಕೊ," ಎಂದು ಯಜಮಾನರು ನಕ್ಕರು. ಮೈಯೆಲ್ಲ ಉರಿಯಿತು.

ನನ್ನದು ಮೊದಲಿಂದಲೂ ಅನುಮಾನದ ಬುದ್ಧಿ. ಹಾಲನ್ನೂ ಬೆರಳಿಗೆ ಹಚ್ಚಿ ನೋಡದೆ ಹುಯ್ಯಿಸಿಕೊಂಡವಳಲ್ಲ. ಡ್ರೈವರಣ್ಣನ ಬಲಗಾಲಿನ ಮೇಲೆ ಕಣ್ಣಿಟ್ಟೆ. ಪ್ರತಿ ತಿರುವಿನಲ್ಲೂ ಅದು ಆಕ್ಸಿಲರೇಟರನ್ನು ಒಂಚೂರು ಒತ್ತುತ್ತಿತ್ತು. ನನಗೇಕೆ ಹೇಳಿಕೊಡಲಿಲ್ಲ? ಅದೂ ಸಾಲದೆ, ಬೆಳಿಗ್ಗೆ ಬಂದವರೇ ಕಾರಿನಡಿ ಮಣ್ಣೆರಚಿ ಚಪ್ಪಲಿಯಲ್ಲಿ ಉಜ್ಜುತ್ತಿದ್ದರು. ಏನದು ಎಂದರೆ, "ಏನಿಲ್ಲ ಕಣವ್ವ, ನೀರು."

ನೀರಿಗೆ ಯಾರಾದರೂ ಮಣ್ಣು ಮುಚ್ಚುತ್ತಾರಾ?

ಕೇಳಿಯೇಬಿಡಬೇಕು ಅಂದುಕೊಂಡಿದ್ದಾಗಲೇ ಒಂದು ಸಂಜೆ, ಶಾಲೆಯ ರಸ್ತೆಯಿಂದ ಹೈವೇಗೆ ತಿರುಗುವಾಗ ಕಾರು ನಡುರಸ್ತೆಯಲ್ಲಿ ನಿಂತಿತು. ಗಾಬರಿಯಲ್ಲಿ ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ಸ್ಟೇರಿಂಗ್ ಕಲ್ಲಿನಂತೆ ಗಟ್ಟಿ. ಹಾರನ್ ಹೊಡೆಯುತ್ತ ಬಸ್ಸು ಮೈಮೇಲೇ ಬಂದು, ಹೇಗೋ ಬ್ರೇಕು ಹಾಕಿ ನಿಂತಿತು. ಪಕ್ಕದಲ್ಲಿದ್ದ ಡ್ರೈವರಣ್ಣ ತಟ್ಟನೆ ಬಾಗಿಲು ತೆಗೆದು ಇಳಿದರು.

"ಇಳೀರವ್ವ, ಈ ಕಡೆ ಬನ್ನಿ," ಎಂದವರೇ ಮನೆಯ ದಾರಿ ಬಿಟ್ಟು ಸೀದಾ ಹಾಸನದ ಗ್ಯಾರೇಜಿಗೆ ಹೊಡೆದರು.

ಮೆಕ್ಯಾನಿಕ್ ಬಾನೆಟ್ ಎತ್ತಿ, ಸ್ಟೇರಿಂಗ್ ಎಣ್ಣೆಯ ಪೈಪಿನಿಂದ ಹೆಬ್ಬೆರಳಷ್ಟು ದಪ್ಪದ ಸ್ವಿಚ್ಚೊಂದನ್ನು ಬಿಚ್ಚಿದ. ಅದರ ಬುಡದಲ್ಲೆಲ್ಲ ಕೆಂಪು ಎಣ್ಣೆ ಸೋರಿತ್ತು; ಡ್ರೈವರಣ್ಣ ಮಣ್ಣು ಮುಚ್ಚುತ್ತಿದ್ದದ್ದು ಇದಕ್ಕೇ. ಸ್ಟೇರಿಂಗ್ ತಿರುಗಿಸಿದಾಗ ಇಂಜಿನ್ನಿಗೆ ಹೊರೆ ಬೀಳುತ್ತದಂತೆ. ಅದನ್ನು ಕಾರಿನ ಕಂಪ್ಯೂಟರಿಗೆ ತಿಳಿಸಿ ಇಂಜಿನ್ ನಿಲ್ಲದಂತೆ ನೋಡಿಕೊಳ್ಳುವುದು ಇದರ ಕೆಲಸವಂತೆ.

"ಇದು ಕೆಟ್ಟೋಗಿ ಬಾಳ ದಿನ ಆಗದೆ ಕಣಣ್ಣ. ನಿಂಗೆ ಗೊತ್ತಾಗ್ನಿಲ್ವಾ?" ಎಂದು ಕೇಳಿದ. "ಮೊದ್ಲು ಹೊಸದಾಕಪ್ಪ," ಎಂದರು ಡ್ರೈವರಣ್ಣ. ಹೊಸ ಸ್ವಿಚ್ ಕೂರಿಸಿ, ಎಣ್ಣೆ ತುಂಬಿ, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಚನ್ನರಾಯಪಟ್ಟಣಕ್ಕೆ ಬಂದಮೇಲೆ ಅವರೇ ಇಳಿದು ನನ್ನನ್ನು ಸ್ಟೇರಿಂಗಿಗೆ ಕೂರಿಸಿದರು. ನಮ್ಮ ಬೀದಿಯ ಇಕ್ಕಟ್ಟಿನ ತಿರುವಿನಲ್ಲಿ ದಿನಾ ನಿಲ್ಲುತ್ತಿದ್ದ ಕಾರು ಅವತ್ತು ನಿಲ್ಲಲಿಲ್ಲ.

"ನಿಮಗೆ ಗೊತ್ತಿತ್ತು," ಎಂದೆ.

"ಊಂ ಕಣವ್ವ. ನೀವು ಕಲ್ತ್‌ಬುಟ್ರೆ ನಾನೆಲ್ಲಿಗೋಗ್ಲಿ ಅಂತ... ಇವತ್ತು ಆ ಬಸ್ ಬಂತಲ್ಲ, ಜೀವ ಬಾಯಿಗೆ ಬಂದ್ಬುಡ್ತು."

ನನ್ನ ಅನುಮಾನ ನಿಜವಾಗಿತ್ತು. ಆದರೂ ಗೆದ್ದ ಖುಷಿ ಆಗಲಿಲ್ಲ. ತಿಂಗಳು ತುಂಬುವ ಮೊದಲೇ, ಯಾರೂ ಬೇಡವೆನ್ನದಿದ್ದರೂ, ಅವರು ಬರುವುದು ಬಿಟ್ಟರು... ಹೋದ ವರ್ಷ ತೀರಿಕೊಂಡರೆಂದು ಸಂತೆಯಲ್ಲಿ ಯಾರೋ ಹೇಳಿದರು.

ಇವತ್ತು ಮಗಳ ಕಾರನ್ನು ಗ್ಯಾರೇಜಿಗೆ ನಾನೇ ಒಯ್ದೆ. ತಿರುವಿನಲ್ಲಿ ಇಂಜಿನ್ ಗೊರ್ ಅಂದು ಇನ್ನೇನು ನಿಲ್ಲಬೇಕು, ನನ್ನ ಬಲಗಾಲು ತಾನಾಗಿಯೇ ಒಂಚೂರು ಒತ್ತಿತು. ಅವರು ಹೇಳಿಕೊಡದೆ ಬಚ್ಚಿಟ್ಟಿದ್ದು, ನಾನು ಕದ್ದು ನೋಡಿ ಕಲಿತದ್ದು. ಅವರ ಮೇಲಿನ ಕೋಪ ಇನ್ನೂ ಹೋಗಿಲ್ಲ. ಬೈಯೋಣವೆಂದರೆ ಅವರೇ ಇಲ್ಲ.