ಕರಿಕಲ್ಲಿನ ನಡುವಿನ ಕೆಂಪು ಪದರ

ಕಲಬುರಗಿ ಕಡೆಯ ನಮ್ಮೂರಿನಿಂದ ಒಂದು ಲಾರಿ ಶಹಾಬಾದ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲಿನೊಂದಿಗೆ ನಾಸಿಕಕ್ಕೆ ಬಂದವನು ನಾನು. ಇಂದಿಗೂ ಅದನ್ನೇ ಮಾರುತ್ತೇನೆ. ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಯಾವ ಕಲ್ಲು ತಾಳುತ್ತದೆ, ಯಾವುದು ಒಡೆಯುತ್ತದೆ ಎನ್ನಬಲ್ಲೆ. ಆ ಸೊಕ್ಕು ನನಗಿತ್ತು.

ಮಗಳು ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಾಳೆ. ಪರೀಕ್ಷೆಗೆಂದು ಚೀಟಿ ಮಾಡಿಕೊಂಡಿದ್ದಳು. ಕೆಲವುಗಳ ಮೇಲೆ ಕಲ್ಲಿನ ಹೆಸರು, ಕೆಲವುಗಳ ಮೇಲೆ ಅದು ಹುಟ್ಟುವ ಜಾಗ, ಎರಡನ್ನೂ ಜೋಡಿಸಬೇಕು. ಒಂದು ದಿನ ಅಂಗಡಿಯಲ್ಲೇ ಹರಡಿಕೊಂಡು ಕೂತಳು.

“ಪಪ್ಪಾ, ನಿಮ್ಮ ಪರಸಿ ಸಮುದ್ರದ ತಳದ ಕೆಸರು. ಇಲ್ಲಿಯ ಕರಿಕಲ್ಲು ಲಾವಾ. ಎಕ್‌ದಮ್ ಬ್ಯಾರೆ.”

“ಕಲ್ಲಂದ್ರ ಕಲ್ಲವ್ವಾ. ಗಿರಾಕಿ ಹುಟ್ಟಿದ ಊರು ಕೇಳೂದಿಲ್ಲ, ದಪ್ಪ ಎಷ್ಟಂತ ಕೇಳ್ತಾನ.”

ಆ ಬೇಸಿಗೆಯಲ್ಲಿ ತಂಗಿ ಸಂಭಾಜಿನಗರದ ಹೊರಗಿನ ತನ್ನ ಮನೆಯ ಹಿಂದೆ ಬಾವಿ ತೋಡಿಸುತ್ತಿದ್ದಳು. ಗುತ್ತಿಗೆದಾರನೊಡನೆ ಮಾತಾಡಲು ನನ್ನನ್ನೇ ಕರೆಸಿದಳು, ಮಗಳೂ ಬಂದಳು. ಎರಡಾಳುದ್ದದವರೆಗೆ ಕರಿಕಲ್ಲು, ಅದರಡಿ ಮೊಳದಷ್ಟು ಕೆಂಪು ಪದರ, ಮತ್ತೆ ಕರಿಕಲ್ಲು. ಒಳಗೋಡೆ ಕಟ್ಟಲೇಬೇಕೆಂದ ಗುತ್ತಿಗೆದಾರ. ನಮ್ಮೂರ ಬಾವಿಗಳಲ್ಲಿ ಪರಸಿ ಒಂದರ ಮೇಲೊಂದು ರೊಟ್ಟಿ ಪೇರಿಸಿದ ಹಾಗೆ ಕೂತಿರುತ್ತದೆ. ಬಣ್ಣ ಬದಲಾದರೂ ಕಲ್ಲೇ. ಗೋಡೆ ಯಾರೂ ಕಟ್ಟಿಸುವುದಿಲ್ಲ. ಅದೇ ತಿಳಿವಳಿಕೆಯನ್ನು ಇಲ್ಲಿಗೂ ತಂದೆ.

ಮಗಳು ಬಗ್ಗಿ ನೋಡಿದಳು. “ಪಪ್ಪಾ, ಕೆಂಪಂದು ಕಲ್ಲಲ್ಲ. ಒಂದು ಲಾವಾ ಆರಿದ ಮ್ಯಾಲೆ ಆದ ಮಣ್ಣು. ಮುಂದಿನ ಲಾವಾ ಅದನ್ನ ಸುಟ್ಟದ, ಅಷ್ಟ. ನೀರು ಹತ್ತಿದ್ರ ಕಳಚ್ತದ.”

ಎಲ್ಲರೆದುರು ನಕ್ಕೆ. “ಚೀಟಿ ಆಟ ಮನ್ಯಾಗ ಆಡವ್ವಾ. ಗ್ವಾಡಿ ಬ್ಯಾಡ.”

ತಂಗಿಯ ಗಂಡನೂ ನಕ್ಕ. “ನೀವು ಹೇಳಿದ್ರ ಮುಗೀತ್ರಿ.”

ಜುಲೈ ಮಳೆ ನಾಲ್ಕು ದಿನ ಹಿಡಿಯಿತು. ಐದನೆಯ ಬೆಳಿಗ್ಗೆ ತಂಗಿಯ ಗಂಡ ಪಂಪು ನೋಡಲು ಬಾವಿಗಿಳಿದ. ನೆನೆದ ಕೆಂಪು ಪದರ ಜಾರಿತು. ಆಧಾರ ತಪ್ಪಿದ ಕರಿಕಲ್ಲು ಅವನ ಎರಡೂ ಕಾಲ ಮೇಲೆ ಬಿತ್ತು. ಜೀವ ಉಳಿಯಿತು. ಕಾಲು ಉಳಿಯಲಿಲ್ಲ.

ನೀವು ಬಾವಿ ತೋಡಿಸುವವರಾದರೆ, ಆ ನೆಲ ಹೇಗೆ ಹುಟ್ಟಿದ್ದೆಂದು ಮೊದಲು ಕೇಳಿ, ಚೌಕಾಸಿ ಆಮೇಲೆ. ಬುದ್ಧಿ ಹೇಳುವ ಚಟ ನನಗಿನ್ನೂ ಹೋಗಿಲ್ಲ, ನೋಡಿ. ಮನೆಯಲ್ಲಿ ಕೇಳುವವರು ಯಾರೂ ಉಳಿದಿಲ್ಲ.

ಕಳೆದ ವಾರ ಮಗಳೊಂದಿಗೆ ತಂಗಿಯ ಮನೆಗೆ ಹೋಗಿದ್ದೆ. ನಾನೇ ಕಳಿಸಿದ ಪರಸಿ ಹಾಸಿದ ಪಡಸಾಲೆಯಲ್ಲಿ ಅವಳ ಗಂಡ ಗಾಲಿಕುರ್ಚಿಯ ಮೇಲೆ ಕಿಟಕಿಯತ್ತ ಮುಖ ಮಾಡಿ ಕೂತಿದ್ದ. ಬಾವಿ ಮುಚ್ಚಿಸುವ ಮಾತು ಬಂತು.

“ಅದಕ್ಕೇನು ತುಂಬಬೇಕಂದ್ರ…” ಎಂದು ನಾನು ಬಾಯಿ ತೆರೆದೆ.

“ಅಣ್ಣಾ, ನೀ ಚಾ ಕುಡಿ,” ಎಂದಳು ತಂಗಿ, ನನ್ನ ಕಡೆ ನೋಡದೆ. ಮಗಳತ್ತ ತಿರುಗಿದಳು. “ನೀ ಹೇಳವ್ವಾ, ಏನು ತುಂಬಿಸ್ಲಿ?”

ಮಗಳು ನನ್ನ ಮುಖ ನೋಡಿದಳು. ನಾನು ಚಹಾದ ಬಸಿ ಎತ್ತಿಕೊಂಡೆ.