ಬಿಳಿ ಹಚ್ಚಿದ ಕ್ಯಾನ್ವಾಸ್ ಶೂ

ಇವತ್ತು ಬೆಳಿಗ್ಗೆ ಬೆಸೆಂಟ್ ನಗರದ ಬೀಚ್ ರಸ್ತೆಯಲ್ಲಿ ಮೊಮ್ಮಗಳು ಓಟ ಶುರು ಮಾಡಿದಳು. ಒಂದು ದೀಪದ ಕಂಬದ ತನಕ ಓಡುತ್ತಾಳೆ, ಮುಂದಿನ ಕಂಬಕ್ಕೆ ನಡೆಯುತ್ತಾಳೆ. "ಇದೇನೇ ಸೋಮಾರಿ ಓಟ?" ಅಂದೆ. "ಮೊದಲು ಇಪ್ಪಡಿತಾನ್ ತಾತಾ, ಹೀಗೇನೇ, ದಮ್ಮು ಮೆಲ್ಲಗೆ ಬರುತ್ತೆ" ಅಂದಳು.

ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾನು ಹುಡುಗನಾಗಿದ್ದಾಗ ಅಪ್ಪ ನನಗೆ ಹೇಳಿಕೊಟ್ಟದ್ದೂ ಇದನ್ನೇ. ವರ್ಕ್‌ಶಾಪಿನ ಸಂಗು, ಅಂದರೆ ಪಾಳಿಯ ಸೈರನ್, ಕೂಗುವ ಮೊದಲು, ಗ್ರೀಸ್ ಕಲೆಯ ಖಾಕಿಯಲ್ಲೇ ಮೈದಾನಕ್ಕೆ ಬಂದು, "ಒಂದ್ ಕಂಬ ಓಡು, ಒಂದ್ ಕಂಬ ನಡಿ. ವಾರಕ್ಕೊಂದು ಏರಿಸೋಣ" ಅನ್ನೋರು. ನನಗೆಲ್ಲಿ ತಾಳ್ಮೆ? ಮೂರನೇ ದಿನವೇ ಮೈದಾನದ ಸುತ್ತ ಒಂದೇ ಉಸಿರಿಗೆ ಓಡಿ ವಾಂತಿ ಮಾಡಿದೆ. ಹುಡುಗರು ನಕ್ಕರು. ಸಿಟ್ಟಿಗೆ ಕ್ಯಾನ್ವಾಸ್ ಶೂ ಕಿತ್ತು ಚರಂಡಿಗೆಸೆದು, "ನಿಮಗೇನ್ ಗೊತ್ತು? ನೀವು ಯಾವತ್ತು ಓಡಿದ್ರಿ?" ಅಂತ ಎಲ್ಲರ ಮುಂದೆ ಅಪ್ಪನ ಮೇಲೆ ಕಿರುಚಿದೆ.

ಅಪ್ಪ ಶೂ ಎತ್ತಿ, ತೊಳೆದು, ಸೀಮೆಸುಣ್ಣ ಹಚ್ಚಿ ಬಾಗಿಲ ಹತ್ತಿರ ಇಟ್ಟರು. ಅದು ನನ್ನ ಕಾಲಿಗೆ ಚಿಕ್ಕದಾಗುವ ತನಕ ಪ್ರತಿ ಭಾನುವಾರ ಹಾಗೇ ಹಚ್ಚಿಟ್ಟರು. ನಾನು ಒಂದು ದಿನವೂ ಹಾಕಲಿಲ್ಲ.

"ವಾ ತಾತಾ, ಬಾ, ಒಂದೇ ಕಂಬ" ಅಂದಳು ಮೊಮ್ಮಗಳು. ಮಂಡಿ ನೋಯುತ್ತೆ ಅಂತ ಬೈದೆ. ಬೈದು, ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆ ಓಡಿದೆ. ಅರ್ಧಕ್ಕೇ ದಮ್ಮು ಕಟ್ಟಿತು. ಉಳಿದದ್ದನ್ನು ನಡೆದೆ.